ತಂಬಾಕು ಇಡುವ ಜಾಗವನ್ನೇ ನೋಡಿದ ಖಾನೋಲ್ಕರ್

ನಿಪ್ಪಾಣಿ ಪಕ್ಕದ ಅಕ್ಕೋಳದಂಥ ಊರಲ್ಲಿ ತಂಬಾಕಿನ ವಿರುದ್ಧ ಮಾತಾಡೋದು ಸುಲಭ ಅಲ್ಲ. ಇಲ್ಲಿ ಅದು ಬರೀ ಚಟ ಅಲ್ಲ; ಹೊಲ, ಸಾಲ, ಬೀಡಿ ಕಟ್ಟುವ ಹೆಂಗಸರ ಕೂಲಿ. 1981ರ ಏಪ್ರಿಲ್‌ನಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಈ ಎಲೆಯ ಇನ್ನೊಂದು ಲೆಕ್ಕ ಅದಕ್ಕೂ 36 ವರ್ಷ ಮೊದಲೇ ಮುಂಬೈನಲ್ಲಿ ಬರೆದಾಗಿತ್ತು. ಬರೆದವರು ಡಾ. ವಸಂತ ರಾಮಜಿ ಖಾನೋಲ್ಕರ್.

ಭಾರತದ ರೋಗಶಾಸ್ತ್ರದ ಪಿತಾಮಹ ಅಂತ ವೈದ್ಯಲೋಕ ಕರೆಯುವ ಖಾನೋಲ್ಕರ್ ಹುಟ್ಟಿದ್ದು 1895ರಲ್ಲಿ. ಲಂಡನ್ ವಿಶ್ವವಿದ್ಯಾಲಯದಿಂದ 1923ರಲ್ಲಿ ಎಂ.ಡಿ. ಮುಗಿಸಿ ಬಂದು ಮುಂಬೈನ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಹೇಳಿದರು. 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾದಾಗ ಅದರ ಪ್ರಯೋಗಾಲಯದ ಹೊಣೆ ಹೊತ್ತರು. ಕ್ಯಾನ್ಸರ್ ಅನ್ನೋದು ಪಶ್ಚಿಮದವರ ಕಾಯಿಲೆ, ಭಾರತದಲ್ಲಿ ಅಪರೂಪ ಅನ್ನುವ ನಂಬಿಕೆ ಇನ್ನೂ ಸತ್ತಿರದ ಕಾಲ ಅದು.

1945ರಲ್ಲಿ ಬಿ. ಸೂರ್ಯಬಾಯಿ ಅವರ ಜೊತೆ ಅವರು ಪ್ರಕಟಿಸಿದ ಪ್ರಬಂಧವೇ ನನ್ನ ಮಟ್ಟಿಗೆ ಅವರ ಬದುಕಿನ ತಿರುಳು. ಭಾರತದಲ್ಲಿ ಕಂಡ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳನ್ನು ಅದು ಜನರ ರೂಢಿಗಳಿಗೆ ಜೋಡಿಸಿತು. ತಂಬಾಕಿಗೆ ಸುಣ್ಣ ಬೆರೆಸಿ ತಿಕ್ಕಿ ಕೆಳತುಟಿಯ ಸಂದಿಯಲ್ಲಿ ಇಟ್ಟುಕೊಳ್ಳುವವರಿಗೆ ಹುಣ್ಣು ಏಳೋದು ಅದೇ ಸಂದಿಯಲ್ಲಿ. ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುವವರಿಗೆ ಅಂಗಳದಲ್ಲಿ. ಧೋತರ, ಸೀರೆ ಬಿಗಿಯಾಗಿ ಕಟ್ಟಿ ವರ್ಷಗಟ್ಟಲೆ ಉಜ್ಜಿದ ಸೊಂಟದ ಚರ್ಮಕ್ಕೆ ಮೂರನೆಯದು. ನಾನು ಎಂಜಿನಿಯರಿಂಗ್ ಓದಿದವನು, ಇದನ್ನು ಓದಿದಾಗ ನೆನಪಾಗಿದ್ದು ಲೋಹದ ದಣಿವಿನ ಪಾಠ: ಭಾರ ಮತ್ತೆ ಮತ್ತೆ ಎಲ್ಲಿ ಬೀಳುತ್ತದೋ ಬಿರುಕು ಅಲ್ಲೇ ಏಳುತ್ತೆ. ದೇಹ ಲೋಹ ಅಲ್ಲ, ಗೊತ್ತು. ಆದರೆ ರೋಗ ಎಲ್ಲಿ ಕೂತಿದೆ ಅನ್ನೋದರಿಂದಲೇ ಕಾರಣ ಹುಡುಕುವ ಆ ಸರಳ ದಾರಿ ಎಂಜಿನಿಯರ್‌ಗೂ ತಕ್ಷಣ ಅರ್ಥವಾಗುತ್ತೆ. ಹಣೆಬರಹ ಅಂತ ಕೈಚೆಲ್ಲುವ ಜಾಗದಲ್ಲಿ ಅವರು ಅಭ್ಯಾಸ ಏನು ಅಂತ ಕೇಳಿದರು.

ಹತ್ತು ವರ್ಷದ ಮೇಲೆ, 1955ರಲ್ಲಿ, ಎಲ್.ಡಿ. ಸಾಂಘ್ವಿ ಮತ್ತು ಕೆ.ಸಿ.ಎಂ. ರಾವ್ ಜೊತೆ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಗಟ್ಟಿ. ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದರೆ ತಂಬಾಕು ಜಗಿಯುವವರಿಗೆ ಬಾಯಿಯಲ್ಲಿ, ಬೀಡಿ ಸೇದುವವರಿಗೆ ಗಂಟಲ ಭಾಗದಲ್ಲಿ ಅಪಾಯ ಎದ್ದು ಕಂಡಿತು. ಬೀಡಿಯನ್ನು ಬಡವರ ನಿರುಪದ್ರವಿ ಸುಖ ಅನ್ನೋಕೆ ಆಮೇಲೆ ಆಧಾರ ಉಳಿಯಲಿಲ್ಲ.

1952ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರು ಅವರೇ. ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡಿದ ಕಮಲ್ ರಣದಿವೆ ಅಮೆರಿಕದಿಂದ ಕೋಶ ಬೆಳೆಸುವ ವಿದ್ಯೆ ಕಲಿತು ಬಂದು ಅಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. ಕುಷ್ಠರೋಗದ ಬ್ಯಾಕ್ಟೀರಿಯಾ ನರಗಳೊಳಗೆ ಹೇಗೆ ಸಾಗುತ್ತೆ ಅನ್ನೋದನ್ನೂ ಖಾನೋಲ್ಕರ್ ಬೆನ್ನುಹತ್ತಿದರು. ಅವರ ಕೇಂದ್ರದಲ್ಲಿ ಬೆಳೆಸಿದ ಒಂದು ಬ್ಯಾಕ್ಟೀರಿಯಾದಿಂದಲೇ ಮುಂದೆ ಕುಷ್ಠರೋಗಕ್ಕೆ ಲಸಿಕೆ ತಯಾರಾಯಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಒಕ್ಕೂಟದ ಅಧ್ಯಕ್ಷತೆ, ಮುಂಬೈ ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, ಪದ್ಮಭೂಷಣ ಎಲ್ಲವೂ ಬಂದವು. 1978ರಲ್ಲಿ ತೀರಿಕೊಂಡರು.

ಗೌರವಕ್ಕೆ ಕೊರತೆ ಆಗಲಿಲ್ಲ, ಕೊರತೆ ಆಗಿದ್ದು ಕಾನೂನಿಗೆ. ಅವರು ಬದುಕಿದ್ದಾಗಲೇ, 1975ರಲ್ಲಿ, ಸಂಸತ್ತು ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು. ಸಿಗರೇಟಿಗೆ ಮಾತ್ರ! ಬೀಡಿ, ಜಗಿಯುವ ತಂಬಾಕು ಹೊರಗುಳಿದವು. ಅದೇ ವರ್ಷ ತಂಬಾಕು ಮಂಡಳಿ ಕಾಯ್ದೆಯೂ ಬಂತು. ಅದರ ಕಾಳಜಿಯೆಲ್ಲ ಸಿಗರೇಟಿನ ವರ್ಜೀನಿಯಾ ತಂಬಾಕಿನ ಬಗ್ಗೆ, ನಿಪ್ಪಾಣಿಯ ಬೀಡಿ ತಂಬಾಕಿನ ಬಗ್ಗೆ ಅಲ್ಲ. ಹಾಗಾಗಿ ಇಲ್ಲಿನ ರೈತನಿಗೆ ಬೆಲೆಯ ಭದ್ರತೆಯೂ ಇಲ್ಲ, ಬೀಡಿ ಸೇದುವವನಿಗೆ ಎಚ್ಚರಿಕೆಯೂ ಇಲ್ಲ. ಇದನ್ನು ಮರೆವು ಅಂತ ನಾನು ಒಪ್ಪಲ್ಲ. ಯಾರ ಬಾಯಿಗೆ ಬೆಲೆ ಇದೆ, ಯಾರದಕ್ಕೆ ಇಲ್ಲ ಅನ್ನುವ ತೀರ್ಮಾನ ಅದು.

ಖಾನೋಲ್ಕರ್ ಕಟ್ಟಿದ ಕೇಂದ್ರ ಇವತ್ತು ಟಾಟಾ ಮೆಮೋರಿಯಲ್‌ನ ಭಾಗ. ಇದೇ ಟಾಟಾ ಮೆಮೋರಿಯಲ್ ಐಐಟಿ ಬಾಂಬೆ ಜೊತೆ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ರೋಗಿಯ ರೋಗನಿರೋಧಕ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ತಿದ್ದಿ ವಾಪಸ್ ಬಿಡುವ ವಿದ್ಯೆ ಇದು. ಹೆಮ್ಮೆಯ ಕೆಲಸವೇ. ಆದರೆ ಅದು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ, ಖರ್ಚು ಹತ್ತಾರು ಲಕ್ಷ. ದವಡೆಯ ಹುಣ್ಣಿಗೆ ಇವತ್ತಿಗೂ ಮೊದಲ ದಾರಿ ಕತ್ತರಿ, ಆಮೇಲೆ ವಿಕಿರಣ.

ಬೀಡಿ, ಜಗಿಯುವ ತಂಬಾಕು ಎರಡನ್ನೂ ಒಳಗೊಂಡ ಕೇಂದ್ರದ ಕಾಯ್ದೆ ಬಂದಿದ್ದು 2003ರಲ್ಲಿ. ಓದು ಬಾರದವರಿಗೂ ಅರ್ಥವಾಗುವ ಚಿತ್ರದ ಎಚ್ಚರಿಕೆ ಬೀಡಿ ಕಟ್ಟಿನ ಮೇಲೆ ಕಡ್ಡಾಯವಾಗಿದ್ದು 2009ರಲ್ಲಿ. ಅಂದರೆ ಆ ಪ್ರಬಂಧ ಅಚ್ಚಾದ 64 ವರ್ಷದ ಮೇಲೆ.