ಅನಿಶ್ಚಯಕ್ಕೆ ಅಳತೆಗೋಲು ಕೊಟ್ಟ ಜೆರ್ಜಿ ನೇಮನ್

ಜ್ಞಾನದ ಎಲ್ಲೆಯನ್ನು ವಿಸ್ತರಿಸಿದ ಮಹನೀಯರನ್ನು ಲೋಕವು ಗೌರವದಿಂದ ಸ್ಮರಿಸುತ್ತದೆ. ಆ ಎಲ್ಲೆಯು ನಿಜವಾಗಿ ಎಲ್ಲಿದೆಯೆಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿ ತೋರಿಸಿದವರು ವಿರಳ. ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಜೆರ್ಜಿ ನೇಮನ್ ಅಂತಹ ವಿರಳರಲ್ಲಿ ಒಬ್ಬರು. ಹೊಲದ ಇಳುವರಿಯಿಂದ ಮೊದಲ್ಗೊಂಡು ಗ್ಯಾಲಕ್ಸಿಗಳ ವಿತರಣೆಯವರೆಗೆ ಅವರು ಕೇಳಿದ ಪ್ರಶ್ನೆ ಒಂದೇ: ಸ್ವಲ್ಪವನ್ನು ನೋಡಿ ಸಮಗ್ರದ ಬಗೆಗೆ ಹೇಳುವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ನೇಮನ್ ಅವರು 1894ರ ಏಪ್ರಿಲ್ 16ರಂದು ಅಂದಿನ ರಷ್ಯಾ ಸಾಮ್ರಾಜ್ಯದ ಬೆಂಡರಿ ಪಟ್ಟಣದಲ್ಲಿ ಪೋಲಿಷ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ವಕೀಲರು. ಬಾಲ್ಯದಲ್ಲಿಯೇ ಪಿತೃವಿಯೋಗವಾಗಲು, ತಾಯಿಯೊಡನೆ ಖಾರ್ಕೊವ್ ನಗರಕ್ಕೆ ಬಂದು ನೆಲೆಸಿದರು. 1912ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯವನ್ನು ಸೇರಿ, ಸೆರ್ಗೇಯಿ ಬರ್ನ್‌ಸ್ಟೈನ್ ಎಂಬ ಗಣಿತಾಚಾರ್ಯರಲ್ಲಿ ಸಂಭವನೀಯತೆಯ ಶಾಸ್ತ್ರವನ್ನು ಅಭ್ಯಸಿಸಿದರು. ಮಹಾಯುದ್ಧ, ಕ್ರಾಂತಿ, ಪೋಲೆಂಡ್ ಮತ್ತು ರಷ್ಯಾಗಳ ಕದನ ಇವೆಲ್ಲವೂ ಅವರ ತಾರುಣ್ಯವನ್ನು ಕಲಕಿದವು. ಕೆಲಕಾಲ ಸೆರೆವಾಸವೂ ಒದಗಿತು. 1921ರಲ್ಲಿ ಪೋಲೆಂಡಿಗೆ ಬಂದ ಅವರಿಗೆ ಬಿಡ್ಗೋಷ್ಚ್ ನಗರದ ಕೃಷಿ ಸಂಶೋಧನಾಲಯದಲ್ಲಿ ಉದ್ಯೋಗ ದೊರೆಯಿತು. ಶುದ್ಧ ಗಣಿತದಲ್ಲಿ ಮುಳುಗಿದ್ದ ತರುಣನು ಬೆಳೆಗಳ ಪ್ರಯೋಗಗಳ ಲೆಕ್ಕಕ್ಕೆ ಕುಳಿತದ್ದು ಜೀವನೋಪಾಯಕ್ಕಾಗಿ. ಅದೇ ಅವರ ಜೀವಿತದ ದಾರಿಯಾಯಿತು.

1924ರಲ್ಲಿ ವಾರ್ಸಾದಲ್ಲಿ ಡಾಕ್ಟರೇಟ್ ಪದವಿ ಪಡೆದ ನೇಮನ್, ಮರುವರ್ಷ ಲಂಡನ್ನಿಗೆ ತೆರಳಿದರು. ಅಲ್ಲಿ ಕಾರ್ಲ್ ಪಿಯರ್ಸನ್ನರ ಪುತ್ರ ಈಗನ್ ಪಿಯರ್ಸನ್ ಅವರ ಸ್ನೇಹ ಲಭಿಸಿತು. ಊಹೆಗಳನ್ನು ಪರೀಕ್ಷಿಸುವ ವಿಧಾನವನ್ನು ಕುರಿತು ಇವರಿಬ್ಬರೂ ಕೂಡಿ 1933ರಲ್ಲಿ ಪ್ರಕಟಿಸಿದ ಪ್ರಬಂಧವು ಆ ಶಾಸ್ತ್ರದ ತಳಹದಿಗಳಲ್ಲೊಂದಾಗಿದೆ.

1934ರ ಪ್ರಬಂಧವೊಂದರಲ್ಲಿ ನೇಮನ್ ಒಂದು ಬೋಧಪ್ರದ ಪ್ರಸಂಗವನ್ನು ವಿಶ್ಲೇಷಿಸಿದರು. ಇಟಲಿಯ 1921ರ ಜನಗಣತಿಯ ಸಾಮಗ್ರಿಯನ್ನು ಪ್ರತಿನಿಧಿಸಲೆಂದು ಇಬ್ಬರು ವಿದ್ವಾಂಸರು 214 ವಿಭಾಗಗಳಲ್ಲಿ 29ನ್ನು ವಿವೇಚಿಸಿ ಆರಿಸಿದ್ದರು. ಆಯ್ಕೆಗೆ ಆಧಾರವಾದ ಲಕ್ಷಣಗಳ ಸರಾಸರಿಯು ಇಡೀ ದೇಶದ ಸರಾಸರಿಗೆ ಹೊಂದಿತು. ಇತರ ವಿಷಯಗಳಲ್ಲಿ ಬಹಳ ತಪ್ಪಿತು. ಬಲ್ಲವರ ಆಯ್ಕೆಗಿಂತ, ಸಮುದಾಯವನ್ನು ಸ್ತರಗಳಾಗಿ ವಿಂಗಡಿಸಿ ಪ್ರತಿಯೊಂದರಿಂದಲೂ ಯಾದೃಚ್ಛಿಕವಾಗಿ ಆರಿಸುವುದೇ ಲೇಸೆಂದು ಅವರು ಸಾಧಿಸಿದರು. ಹಾಗೆ ಆರಿಸಿದಾಗ ಮಾತ್ರ ತಪ್ಪಿನ ಪ್ರಮಾಣವನ್ನೂ ಲೆಕ್ಕಹಾಕಲು ಬರುತ್ತದೆ. 1937ರಲ್ಲಿ ಅವರು ವಿಶ್ವಾಸಾಂತರದ ಸಿದ್ಧಾಂತವನ್ನು ಪೂರ್ಣರೂಪದಲ್ಲಿ ಮಂಡಿಸಿದರು. ಒಂದೇ ಸಂಖ್ಯೆಯನ್ನು ಹೇಳುವ ಬದಲು ಒಂದು ಕೆಳಮಿತಿ, ಒಂದು ಮೇಲ್ಮಿತಿಗಳನ್ನು ಹೇಳಬೇಕು; ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದರೆ, ಉದಾಹರಣೆಗೆ, ನೂರರಲ್ಲಿ ಸುಮಾರು 95 ಬಾರಿ ನಿಜವಾದ ಬೆಲೆಯು ಆ ಮಿತಿಗಳೊಳಗೆ ಇರುವಂತಿರಬೇಕು. ಇಂದು ವೈದ್ಯಶಾಸ್ತ್ರದಿಂದ ಚುನಾವಣಾ ಸಮೀಕ್ಷೆಯವರೆಗೆ ಬಳಕೆಯಲ್ಲಿರುವ ಪದ್ಧತಿಯಿದು.

1938ರಲ್ಲಿ ನೇಮನ್ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯೇ ಅವರ ದೃಷ್ಟಿ ಆಕಾಶದತ್ತ ಹೊರಳಿತು. ಹ್ಯಾಮಿಲ್ಟನ್ ಪರ್ವತದ ಮೇಲಿನ ಲಿಕ್ ವೀಕ್ಷಣಾಲಯದಲ್ಲಿ ಡೊನಾಲ್ಡ್ ಶೇನ್ ಮತ್ತು ಕಾರ್ಲ್ ವಿರ್ಟಾನೆನ್ ಇಪ್ಪತ್ತು ಅಂಗುಲದ ದೂರದರ್ಶಕದಿಂದ ತೆಗೆದ ಛಾಯಾಫಲಕಗಳಲ್ಲಿ ಗ್ಯಾಲಕ್ಸಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಫಲಕಗಳ ಸಂಖ್ಯೆ 1,246. ಎಣಿಕೆ ಸುಮಾರು ಹತ್ತು ಲಕ್ಷ. ಪ್ರತಿ ಫಲಕವೂ ಆಕಾಶದ ಆರು ಡಿಗ್ರಿ ಅಗಲವನ್ನು ಆವರಿಸಿದರೂ, ಕೇಂದ್ರಗಳ ನಡುವಿನ ಅಂತರ ಐದೇ ಡಿಗ್ರಿ. ಹೀಗಾಗಿ ಅಂಚುಗಳನ್ನು ಎರಡೆರಡು ಬಾರಿ ಎಣಿಸಲಾಯಿತು. ಎಣಿಕೆಯ ಏರುಪೇರನ್ನು ಅದರಿಂದ ಅರಿತು ತಿದ್ದಲು ಸಾಧ್ಯವಾಯಿತು.

ಆದರೆ ಆಳವಾದ ಸಮಸ್ಯೆ ಬೇರೆಯೇ ಇತ್ತು. ಗ್ಯಾಲಕ್ಸಿಗಳು ಪರಸ್ಪರ ಸಂಬಂಧವಿಲ್ಲದೆ ಚದುರಿದ್ದರೆ, ಸರಾಸರಿ 100 ಗ್ಯಾಲಕ್ಸಿಗಳಿರುವ ಕ್ಷೇತ್ರದಲ್ಲಿ ಸಹಜವಾದ ಏರುಪೇರು ನೂರರ ವರ್ಗಮೂಲ, ಅಂದರೆ 10. ಗ್ಯಾಲಕ್ಸಿಗಳಾದರೋ ಗುಚ್ಛಗಳಲ್ಲಿರುತ್ತವೆ. ಇಪ್ಪತ್ತಿಪ್ಪತ್ತರ ಗುಚ್ಛಗಳಿವೆಯೆಂದು ಭಾವಿಸಿದರೆ, ನಾವು ಕಂಡ ನೂರು ಗ್ಯಾಲಕ್ಸಿಗಳು ವಸ್ತುತಃ ಐದೇ ಗುಚ್ಛಗಳು. ಐದರ ವರ್ಗಮೂಲವನ್ನು ಇಪ್ಪತ್ತರಿಂದ ಗುಣಿಸಿದರೆ ಏರುಪೇರು ಸುಮಾರು 45 ಆಗುತ್ತದೆ. ಇದನ್ನು ಮರೆತವರು ತಮ್ಮ ಅಳತೆಯನ್ನು ನಾಲ್ಕೂವರೆ ಪಾಲು ಹೆಚ್ಚು ನಿಖರವೆಂದು ಭ್ರಮಿಸುತ್ತಾರೆ.

ಖಗೋಳಶಾಸ್ತ್ರದಲ್ಲಿ ಪಳಗಿದ ಎಲಿಜಬೆತ್ ಸ್ಕಾಟ್ ಅವರೊಡಗೂಡಿ ನೇಮನ್ 1952ರಲ್ಲಿ ಈ ಗುಚ್ಛಸ್ವಭಾವಕ್ಕೊಂದು ಗಣಿತರೂಪ ಕೊಟ್ಟರು. ಗುಚ್ಛಗಳ ಕೇಂದ್ರಗಳು ಯಾದೃಚ್ಛಿಕ. ಪ್ರತಿ ಕೇಂದ್ರದ ಸುತ್ತಲಿನ ಗ್ಯಾಲಕ್ಸಿಗಳ ಸಂಖ್ಯೆ ಯಾದೃಚ್ಛಿಕ. ಅವುಗಳ ಸ್ಥಾನವೂ ಯಾದೃಚ್ಛಿಕ. ಇನ್ನೊಂದು ತೊಡಕು ಉಳಿಯಿತು. ಹೊಲದ ಪ್ರಯೋಗವನ್ನು ಮರಳಿ ನಡೆಸಬಹುದು. ವಿಶ್ವವಾದರೋ ಒಂದೇ ಇದೆ. ಇದಕ್ಕೂ ಮಾರ್ಗ ತೆರೆಯಿತು. 1954ರಲ್ಲಿ ಸ್ಕಾಟ್, ಶೇನ್ ಮತ್ತು ಸ್ವಾನ್ಸನ್ ಅವರು ಈ ನಿಯಮಗಳಿಗನುಸಾರವಾಗಿ ಲೆಕ್ಕದಿಂದಲೇ ಒಂದು ಕೃತಕ ಫಲಕವನ್ನು ರಚಿಸಿ, ನಿಜವಾದ ಫಲಕದೊಡನೆ ಹೋಲಿಸಿದರು.

1970ರ ದಶಕದಲ್ಲಿ ಜೇಮ್ಸ್ ಪೀಬಲ್ಸ್ ಮತ್ತು ಸಂಗಡಿಗರು ಲಿಕ್ ಎಣಿಕೆಗಳನ್ನು ಬೇರೊಂದು ವಿಧಾನದಿಂದ ವಿಶ್ಲೇಷಿಸಿದರು. ನೇಮನ್ನರ ಸರಳ ಮಾದರಿಯನ್ನು ವಿಜ್ಞಾನವು ದಾಟಿ ಮುಂದೆ ಹೋಯಿತು. ಕೃತಕ ಆಕಾಶದ ಉಪಾಯ ಮಾತ್ರ ಬೆಳೆಯುತ್ತಲೇ ಬಂದಿತು. ಇಂದಿನ ಗ್ಯಾಲಕ್ಸಿ ಸಮೀಕ್ಷೆಗಳಲ್ಲಿ ಗಣಕಯಂತ್ರಗಳಿಂದ ನೂರಾರು, ಕೆಲವೊಮ್ಮೆ ಸಾವಿರಾರು ಕೃತಕ ಆಕಾಶಗಳನ್ನು ನಿರ್ಮಿಸಿ, ಅವುಗಳ ಪರಸ್ಪರ ವ್ಯತ್ಯಾಸದಿಂದ ಅಳತೆಯ ಅನಿಶ್ಚಯವನ್ನು ನಿರ್ಧರಿಸುತ್ತಾರೆ. ವಿಶ್ವದ ಹಿಗ್ಗುವಿಕೆಯನ್ನು ಕುರಿತ ಇಂದಿನ ನಿರ್ಣಯಗಳ ಬೆಲೆಯು ಆ ಅನಿಶ್ಚಯದ ಲೆಕ್ಕ ಸರಿಯಾಗಿರುವುದನ್ನು ಅವಲಂಬಿಸಿದೆ.

ಬರ್ಕ್ಲಿಯಲ್ಲಿ 1955ರಲ್ಲಿ ಪ್ರತ್ಯೇಕ ಸಂಖ್ಯಾಶಾಸ್ತ್ರ ವಿಭಾಗವು ನೇಮನ್ನರ ಪ್ರಯತ್ನದಿಂದ ರೂಪುಗೊಂಡಿತು. 1968ರ ಸಾಲಿನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವು ಅವರಿಗೆ ಸಂದಿತು. 1981ರ ಆಗಸ್ಟ್ 5ರಂದು, ತಮ್ಮ 87ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು. ಉತ್ತರವನ್ನು ಹೇಳುವುದರೊಂದಿಗೆ ಆ ಉತ್ತರದ ಮಿತಿಯನ್ನೂ ಹೇಳಬೇಕೆಂಬ ಶಿಸ್ತನ್ನು ಅವರು ಶಾಸ್ತ್ರಕ್ಕೆ ಕೊಟ್ಟರು. ವಿದ್ಯೆ ಕಲಿಸುವವರಿಗೂ ಕಲಿಯುವವರಿಗೂ ಈ ಶಿಸ್ತು ಸದಾ ಅನುಕರಣೀಯ.