ಗಾಜಿನ ಗುಟ್ಟನ್ನು ಅರಸಿದ ಒಟ್ಟೊ ಶಾಟ್

ಕುದಿಯುವ ಕಾಫಿಯನ್ನು ಸುರಿದೊಡನೆ ಗಾಜಿನ ಲೋಟ ಬಿರುಕು ಬಿಟ್ಟುದನ್ನು ನಾವೆಲ್ಲ ಕಂಡಿದ್ದೇವೆ. ಮಳೆಹನಿ ಸಿಡಿದು ಲಾಟೀನಿನ ಗಾಜು ಒಡೆದ ಕತೆಯನ್ನು ಮನೆಯ ಹಿರಿಯರು ಹೇಳಿಯಾರು. ಆದರೆ ನಮ್ಮ ವಿಜ್ಞಾನ ಕೊಠಡಿಯ ಬೀಕರಿನಲ್ಲಿ ನೀರು ಕುದಿದರೂ ಬೀಕರಿಗೆ ಏನೂ ಆಗುವುದಿಲ್ಲ. ಎರಡೂ ಗಾಜೇ, ಅಂದ ಮೇಲೆ ಈ ಭೇದವೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಜರ್ಮನಿಯ ಒಟ್ಟೊ ಶಾಟ್ ಎಂಬ ರಸಾಯನ ವಿಜ್ಞಾನಿಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಶಾಟ್ ಹುಟ್ಟಿದ್ದು 1851ರ ಡಿಸೆಂಬರ್ 17ರಂದು, ವಿಟೆನ್ ಎಂಬ ಊರಿನಲ್ಲಿ. ತಂದೆಯದು ಕಿಟಕಿ ಗಾಜಿನ ಉದ್ಯಮ. ಹೀಗಾಗಿ ಕುಲುಮೆಯ ಕಾವು ಹುಡುಗನಿಗೆ ಹೊಸದಾಗಿರಲಿಲ್ಲ. ರಸಾಯನಶಾಸ್ತ್ರ ಓದಿ, 1875ರಲ್ಲಿ ಯೇನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದನು. ಪ್ರಬಂಧದ ವಿಷಯವೂ ಕಿಟಕಿ ಗಾಜಿನ ತಯಾರಿಯಲ್ಲಿ ಆಗುವ ದೋಷಗಳೇ!

ಆ ಕಾಲದಲ್ಲಿ ಗಾಜು ಮಾಡುವುದು ಶಾಸ್ತ್ರಕ್ಕಿಂತ ಹೆಚ್ಚಾಗಿ ಕೈಗುಣವಾಗಿತ್ತು. ಮರಳು, ಸೋಡ, ಸುಣ್ಣ, ಕೆಲವೊಮ್ಮೆ ಸೀಸ, ಹೀಗೆ ಹಿಂದಿನವರು ಹಾಕಿದ್ದನ್ನೇ ಮುಂದಿನವರೂ ಹಾಕುತ್ತಿದ್ದರು. ಬೇರೆ ಧಾತುಗಳನ್ನು ಸೇರಿಸಿದರೆ ಏನಾದೀತು ಎಂದು ಶಾಟ್ ಒಂದೊಂದನ್ನೇ ಕರಗಿಸಿ ನೋಡತೊಡಗಿದನು. 1879ರಲ್ಲಿ ಲಿಥಿಯಂ ಬೆರೆಸಿದ ಗಾಜೊಂದು ಸಿದ್ಧವಾಯಿತು. ಅದರ ಗುಣವನ್ನು ಅಳೆಯುವವರು ಬೇಕಲ್ಲ? ಮೇ 27ರಂದು ಯೇನಾದ ಭೌತ ವಿಜ್ಞಾನಿ ಅರ್ನ್‌ಸ್ಟ್ ಅಬ್ಬೆಗೆ ಪತ್ರ ಬರೆದನು. (ನಮ್ಮ ಕಡೆಯ ಕೆಲವು ಮನೆಗಳಲ್ಲಿ ಅಬ್ಬೆ ಎಂದರೆ ತಾಯಿ. ಈ ಅಬ್ಬೆಯಾದರೋ ಗಡ್ಡದ ಪ್ರಾಧ್ಯಾಪಕ!) ಕಾರ್ಲ್ ಝೈಸ್‌ನ ಕಾರ್ಖಾನೆಗಾಗಿ ಸೂಕ್ಷ್ಮದರ್ಶಕಗಳ ಲೆಕ್ಕ ಹಾಕುತ್ತಿದ್ದ ಅಬ್ಬೆಗೆ ಒಂದೇ ಕೊರಗು: ಲೆಕ್ಕ ಸರಿಯಿದ್ದರೂ ಅದಕ್ಕೆ ಒಪ್ಪುವ ಗಾಜು ಜಗತ್ತಿನಲ್ಲಿರಲಿಲ್ಲ.

ಲಿಥಿಯಂ ಗಾಜು ಮಸೂರಕ್ಕೆ ಪ್ರಯೋಜನವಾಗಲಿಲ್ಲ. ಮೊದಲ ಪ್ರಯತ್ನವೇ ನಿಷ್ಫಲವಾದರೆ ಪತ್ರವ್ಯವಹಾರವೂ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಶಾಟ್ ಕರಗಿಸಿ ಕಳುಹಿಸುವುದು, ಅಬ್ಬೆ ಅಳೆದು ತಿಳಿಸುವುದು, ಇದು ವರ್ಷಗಳ ಕಾಲ ನಡೆಯಿತು. 1882ರಲ್ಲಿ ಶಾಟ್ ಯೇನಾಕ್ಕೇ ಬಂದು ನೆಲೆಸಿದನು. 1884ರಲ್ಲಿ ಅಬ್ಬೆ, ಕಾರ್ಲ್ ಝೈಸ್ ಮತ್ತು ಝೈಸ್‌ನ ಮಗ ರೋಡರಿಕ್ ಇವರೊಡನೆ ಸೇರಿ ಗಾಜಿನ ಪ್ರಯೋಗಾಲಯವನ್ನು ಸ್ಥಾಪಿಸಿದನು. ಎರಡೇ ವರ್ಷಗಳಲ್ಲಿ ಹೊರಬಂದ ಅದರ ಪಟ್ಟಿಯಲ್ಲಿ 44 ಬಗೆಯ ಗಾಜುಗಳಿದ್ದವು. ಅವುಗಳಲ್ಲಿ 19 ತೀರ ಹೊಸವು.

ಉಷ್ಣಮಾಪಕದ ಸಂಗತಿಯಂತೂ ಸ್ವಾರಸ್ಯಕರ. ಅಂದಿನ ಉಷ್ಣಮಾಪಕವನ್ನು ಕುದಿನೀರಿನಲ್ಲಿಟ್ಟು ಮತ್ತೆ ಮಂಜುಗಡ್ಡೆಯಲ್ಲಿಟ್ಟರೆ ಪಾದರಸ ಸೊನ್ನೆಗಿಂತ ಕೆಳಗೆ ನಿಲ್ಲುತ್ತಿತ್ತು. ತಪ್ಪು ಪಾದರಸದ್ದಲ್ಲ, ಹಿಗ್ಗಿದ ಗಾಜು ಕೂಡಲೇ ಮೊದಲಿನ ಅಳತೆಗೆ ಮರಳದಿದ್ದುದೇ ಕಾರಣ. ಸೋಡ ಮತ್ತು ಪೊಟ್ಯಾಷ್ ಎರಡೂ ಒಟ್ಟಿಗಿದ್ದರೆ ಈ ದೋಷ ಹೆಚ್ಚುವುದೆಂದು ಕಂಡುಬಂತು. ಎರಡರಲ್ಲಿ ಒಂದನ್ನೇ ಬಳಸಿ ಶಾಟ್ ನಂಬಿಕೆಗೆ ಯೋಗ್ಯವಾದ ಉಷ್ಣಮಾಪಕದ ಗಾಜನ್ನು ತಯಾರಿಸಿದನು.

ಇನ್ನು ನಮ್ಮ ಬೀಕರ್. ಬಿಸಿ ತಾಗಿದ ಭಾಗ ಹಿಗ್ಗಿ, ತಾಗದ ಭಾಗ ಹಿಗ್ಗದೆ ಉಳಿದಾಗ ಎಳೆತವುಂಟಾಗಿ ಗಾಜು ಸೀಳುತ್ತದೆ. ಬೋರಿಕ್ ಆಕ್ಸೈಡ್ ಸೇರಿಸಿದ ಗಾಜು ಹಿಗ್ಗುವುದೇ ಕಡಮೆ. ಇಂದಿನ ಬೀಕರಿನ ಗಾಜು ಸಾಮಾನ್ಯ ಗಾಜಿನ ಮೂರರಲ್ಲೊಂದು ಭಾಗದಷ್ಟು ಮಾತ್ರ ಹಿಗ್ಗುತ್ತದೆ. ಇಂಥ ಗಾಜಿನ ಪ್ರಯೋಗಶಾಲೆಯ ಪಾತ್ರೆಗಳೂ ಅನಿಲ ದೀಪದ ಚಿಮಣಿಗಳೂ 1890ರ ದಶಕದಲ್ಲಿ ಯೇನಾದಿಂದ ದೇಶದೇಶಗಳಿಗೆ ಹೋದವು. 1914ರಲ್ಲಿ ಯುದ್ಧ ಬಂದು ಯೇನಾದ ಗಾಜು ನಿಂತಾಗ ಇಂಗ್ಲೆಂಡಿನ ಪ್ರಯೋಗಾಲಯಗಳು ತೊಂದರೆಗೊಳಗಾದವು. ಅದೇ ಯೇನಾದ ಗಾಜು ಸೈನಿಕರ ದುರ್ಬೀನುಗಳಿಗೂ ಹೋಯಿತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಲಾಭ ಯಾರಿಗೆ ಸೇರಬೇಕು? ಅಬ್ಬೆ 1889ರಲ್ಲಿ ಕಾರ್ಲ್ ಝೈಸ್ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ ತನ್ನ ಪಾಲನ್ನು ಅದಕ್ಕೆ ಬಿಟ್ಟುಕೊಟ್ಟನು. ಕೆಲಸಗಾರರಿಗೆ ಸಂಬಳ ಸಹಿತ ರಜೆ, ನಿವೃತ್ತಿ ವೇತನ ಇವೆಲ್ಲ ಅದರ ನಿಯಮಗಳಲ್ಲಿದ್ದವು. ಶಾಟ್ 1919ರಲ್ಲಿ ತನ್ನ ಪಾಲನ್ನೂ ಅದಕ್ಕೇ ಒಪ್ಪಿಸಿದನು. ಬೆಳೆಸಿದವನು ತಾನೇ ಆಗಿದ್ದ ಕಾರ್ಖಾನೆಯನ್ನು ಹೀಗೆ ಕೈಬಿಡುವುದು ಸುಲಭದ ಮಾತಾಗಿರಲಾರದು. 1935ರ ಆಗಸ್ಟ್ 27ರಂದು ಯೇನಾದಲ್ಲಿ ತೀರಿಕೊಂಡನು.

ಮುಂದೆ 1945ರಲ್ಲಿ ಅಮೆರಿಕದ ಸೈನ್ಯವು ಶಾಟ್‌ನ ಮಗ ಎರಿಕ್ ಸೇರಿದಂತೆ 41 ಮಂದಿ ಗಾಜಿನ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದಿತು. 1952ರಲ್ಲಿ ಮೈನ್ಸ್ ನಗರದಲ್ಲಿ ಹೊಸ ಕಾರ್ಖಾನೆ ಎದ್ದಿತು. ಅತ್ತ ಅಮೆರಿಕದ ಕಾರ್ನಿಂಗ್‌ನಲ್ಲಿ 1953ರ ಸುಮಾರಿಗೆ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಲಿಥಿಯಂ ಇದ್ದ ಗಾಜಿನ ಹಲಗೆಯೊಂದನ್ನು ಕುಲುಮೆಯಲ್ಲಿಟ್ಟಿದ್ದನು. ಕುಲುಮೆ ಕೆಟ್ಟು ಕಾವು 600 ಡಿಗ್ರಿಯ ಬದಲು 900ಕ್ಕೆ ಏರಿತು. ಕರಗಿ ಹೋಗಿರಬೇಕಾದ ಹಲಗೆ ಬೆಳ್ಳಗಾಗಿತ್ತು. ಕೈಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜಿನೊಳಗೆ ಅತಿ ಸೂಕ್ಷ್ಮ ಹರಳುಗಳು ಮೂಡಿ ಬಿರುಕಿನ ದಾರಿಗೆ ಅಡ್ಡ ನಿಂತಿದ್ದವು. ಇದೇ ಗಾಜು-ಪಿಂಗಾಣಿ. ಹರಳುಗಳು ಬೆಳಕಿನ ಅಲೆಯ ಉದ್ದಕ್ಕಿಂತ ಬಹಳ ಕಿರಿದಾಗಿದ್ದರೆ ಬೆಳಕು ಚದರದೆ ಸಾಗಿ, ಅದು ಪಾರದರ್ಶಕವಾಗಿಯೂ ಇರಬಲ್ಲದು. ಶಾಟ್‌ನ ಸಂಸ್ಥೆಯೂ 1968ರಲ್ಲಿ ದೂರದರ್ಶಕದ ಕನ್ನಡಿಗಾಗಿ, ಕಾವಿಗೆ ಹಿಗ್ಗದೆಂದೇ ಹೇಳಬಹುದಾದ ಗಾಜು-ಪಿಂಗಾಣಿಯನ್ನು ಮಾಡಿತು. 2020ರಿಂದ ಕೆಲವು ಮೊಬೈಲ್ ಫೋನುಗಳ ಮುಖದ ಮೇಲೂ ಇಂಥ ಹೊದಿಕೆ ಬಂದಿದೆ. ಈ ಬಗೆಯ ಪಾರದರ್ಶಕ ಗಾಜು-ಪಿಂಗಾಣಿಗಳಲ್ಲಿ ಹೆಚ್ಚಿನವುಗಳಿಗೆ ಬೇಕಾಗುವ ಧಾತು, ಅಂದು ಅಬ್ಬೆಯ ಮೇಜಿನ ಮೇಲೆ ಕೆಲಸಕ್ಕೆ ಬಾರದೆ ಉಳಿದಿದ್ದ ಲಿಥಿಯಂ.