ಪರೀಕ್ಷೆಯಲ್ಲಿ ಫೇಲಾದವನ ಗಣಿತ, ನಮ್ಮ ಫೋನಿನ ಬೀಗ

ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ತಂಬಾಕು ಹರಾಜಿನ ದುಡ್ಡು ಖಾತೆಗೆ ಬಂತಾ ಅಂತ ರೈತರ ಮಗ ಬ್ಯಾಂಕ್ ಆ್ಯಪ್ ತೆರೆಯುತ್ತಾನೆ. ಆಗ ಫೋನೂ ಬ್ಯಾಂಕಿನ ಸರ್ವರೂ ಎಲ್ಲರಿಗೂ ಕಾಣುವ ದಾರಿಯಲ್ಲೇ ಮಾತಾಡಿಕೊಂಡು, ಬೇರೆ ಯಾರಿಗೂ ಸಿಗದ ಒಂದು ಕೀಲಿ ಮಾಡಿಕೊಳ್ಳುತ್ತವೆ. ಪಬ್ಲಿಕ್ ಕೀ ಕ್ರಿಪ್ಟೋಗ್ರಫಿ ಅಂದರೆ ಇದೇ. ಇದರ ತಳಪಾಯದ ಗಣಿತದಲ್ಲಿ ದೊಡ್ಡ ಪಾಲು, ಇಪ್ಪತ್ತಕ್ಕೇ ಸತ್ತ ಎವರಿಸ್ಟ್ ಗಾಲ್ವಾ ಎಂಬ ಫ್ರೆಂಚ್ ಹುಡುಗನದ್ದು.

ಹುಟ್ಟಿದ್ದು 1811ರಲ್ಲಿ, ಪ್ಯಾರಿಸ್ ಪಕ್ಕದ ಊರೊಂದರಲ್ಲಿ. ಅಪ್ಪ ಅಲ್ಲಿನ ಮೇಯರ್, ಉದಾರವಾದಿ. ರಾಜಕೀಯ ವಿರೋಧಿಗಳು ಮಾಡಿದ ಅವಮಾನ ತಾಳದೆ 1829ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಮಗ ಎಕೋಲ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದ.

1830ರ ಜುಲೈ ಕ್ರಾಂತಿಯಲ್ಲಿ ಪ್ಯಾರಿಸ್ ಬೀದಿಗಿಳಿದಾಗ, ಅವನ ಕಾಲೇಜಿನ ನಿರ್ದೇಶಕ ವಿದ್ಯಾರ್ಥಿಗಳನ್ನು ಒಳಗೇ ಕೂಡಿಹಾಕಿದ. ಗಾಲ್ವಾ ಪತ್ರಿಕೆಯಲ್ಲಿ ಅವನನ್ನು ಟೀಕಿಸಿ ಕಾಲೇಜಿನಿಂದ ಹೊರಬಿದ್ದ. ಗಣರಾಜ್ಯವಾದಿಗಳ ಜೊತೆ ಸೇರಿ, 1831ರಲ್ಲಿ ನಿಷೇಧಿತ ಸಮವಸ್ತ್ರ ತೊಟ್ಟಿದ್ದಕ್ಕೆ ಜೈಲಿಗೂ ಹೋದ. ಅದೇ ವರ್ಷ ವಿಜ್ಞಾನ ಅಕಾಡೆಮಿ ಅವನ ಪ್ರಬಂಧ ಅರ್ಥವಾಗಲ್ಲ ಅಂತ ವಾಪಸ್ ಕಳಿಸಿತು. 1832ರ ಮೇ 30ರಂದು ದ್ವಂದ್ವಯುದ್ಧದಲ್ಲಿ ಗುಂಡೇಟು, ಮರುದಿನ ಸಾವು. ತಮ್ಮ ಮತ್ತು ಗೆಳೆಯ ಹಾಳೆಗಳನ್ನು ಕಾಪಾಡಿದರು. ಅವು ಅಚ್ಚಾಗಿದ್ದು 1846ರಲ್ಲಿ.

ಆದರೆ 1830ರಲ್ಲೇ ಅವನ ಒಂದು ಲೇಖನ ಪ್ರಕಟವಾಗಿತ್ತು. ಕೂಡಿ, ಕಳೆದು, ಗುಣಿಸಿ, ಭಾಗಿಸಿದರೂ ಆಚೆ ಹೋಗದ, ಎಣಿಸಿದಷ್ಟೇ ಸಂಖ್ಯೆಗಳ ಲೋಕವನ್ನು ಅದು ಕಟ್ಟಿಕೊಟ್ಟಿತು. ಅದಕ್ಕೆ ಇವತ್ತು ಗಾಲ್ವಾ ಫೀಲ್ಡ್ ಅಂತಲೇ ಹೆಸರು.

1977ರ ಆರ್‌ಎಸ್‌ಎ ಬೀಗ ನಿಂತಿರುವುದು ದೊಡ್ಡ ಸಂಖ್ಯೆಯನ್ನು ಅಪವರ್ತಿಸುವ ಕಷ್ಟದ ಮೇಲೆ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಅದು ಮುರಿಯುತ್ತದೆ ಅಂತ 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಪರ್ಯಾಯ 1978ರಲ್ಲೇ ಇತ್ತು. ರಾಬರ್ಟ್ ಮೆಕ್‌ಎಲೀಸ್ ಸಂದೇಶಕ್ಕೆ ಬೇಕಂತಲೇ ತಪ್ಪುಗಳನ್ನು ಬೆರೆಸಿದರು. ಒಳವಿನ್ಯಾಸ ಗೊತ್ತಿದ್ದವರು ಮಾತ್ರ ತಿದ್ದಿ ಓದಬಲ್ಲರು. ಆ ವಿನ್ಯಾಸ ಗಾಲ್ವಾ ಫೀಲ್ಡ್‌ನದ್ದು. ತೊಡಕು ಗಾತ್ರದ್ದು: ಆರ್‌ಎಸ್‌ಎ ಕೀಲಿಗೆ 256 ಬೈಟ್ ಸಾಕಾದರೆ, ಇದಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಬೇಕು.

ನಮ್ಮಲ್ಲಿ 2021ರ ಐಟಿ ನಿಯಮಗಳು, ಸಂದೇಶವನ್ನು ಮೊದಲು ಕಳಿಸಿದವರು ಯಾರು ಅಂತ ಪತ್ತೆಹಚ್ಚಲು ಮೆಸೇಜಿಂಗ್ ಕಂಪನಿಗಳಿಗೆ ಹೇಳುತ್ತವೆ. ಬೀಗಕ್ಕೆ ಪೊಲೀಸರು, ಕಳ್ಳರು ಅಂತ ಭೇದವಿಲ್ಲ. ಒಬ್ಬರಿಗೆ ಕಿಂಡಿ ತೆರೆದರೆ ಎಲ್ಲರಿಗೂ ತೆರೆದ ಹಾಗೆ. ಪ್ರಭುತ್ವ ಅಪಾಯಕಾರಿ ಅಂತ ಒಳಗೆ ಹಾಕಿದ ಹುಡುಗನ ಗಣಿತವೇ ಇವತ್ತು ಎಲ್ಲ ಪ್ರಭುತ್ವಗಳ ಗುಟ್ಟನ್ನೂ ಕಾಯುತ್ತಿದೆ. ಅವರ ಗುಟ್ಟಿಗೆ ಗಟ್ಟಿ ಬೀಗ, ನಮ್ಮದಕ್ಕೆ ಸಡಿಲ ಬೀಗ ಅಂದರೆ ನಾವು ಕೇಳಲೇಬೇಕು.